'ಹ್ಯಾಸ್' ಎಂಬ ಚಿಕ್ಕ ಪದ

ಪ್ರಥಮ ಪಿಯುಸಿಯಲ್ಲಿದ್ದಾಗ ಒಂದು ವಿದ್ಯಾರ್ಥಿವೇತನದ ಸಂದರ್ಶನಕ್ಕೆ ಹೋಗಿದ್ದೆ. ಅರ್ಜಿಯಲ್ಲಿ ತಂದೆಯ ಬಗ್ಗೆ ಇಂಗ್ಲಿಷಿನಲ್ಲಿ ಹೀಗೆ ಬರೆದಿದ್ದೆ: 'ಮೈ ಫಾದರ್ ಹ್ಯಾಸ್ ವರ್ಕ್ಡ್ ಇನ್ ಎ ಟೈಲ್ ಫ್ಯಾಕ್ಟರಿ ಫಾರ್ ಇಲೆವೆನ್ ಇಯರ್ಸ್.' ಅದನ್ನು ಓದಿದವರು, "ಈಗ ಅವರಿಗೆ ಸಂಬಳ ಎಷ್ಟು?" ಎಂದು ಕೇಳಿದರು. ಅಬ್ಬ ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು. ಅದನ್ನು ಹೇಳುವಾಗ ನನ್ನ ಗಂಟಲು ಕಟ್ಟಿತು. ಕೇಳಿದವರಿಗೂ ಬೇಸರವಾಯಿತು. ಆದರೆ ತಪ್ಪು ಅವರದಲ್ಲ, ನಾನು ಬರೆದ 'ಹ್ಯಾಸ್' ಪದದ್ದು.

ನಾನು ಹಾಗೆ ಬರೆದದ್ದೇಕೆ? ಕನ್ನಡದಲ್ಲಿ ಯೋಚಿಸಿ ಬರೆದದ್ದರಿಂದ. 'ಅಬ್ಬ ಹನ್ನೊಂದು ವರ್ಷ ದುಡಿದಿದ್ದಾರೆ' ಎಂದರೆ ಕನ್ನಡದಲ್ಲಿ ತಪ್ಪಿಲ್ಲ. 2020ರಲ್ಲಿ ನಿಧನರಾದ ನಿಸಾರ್ ಅಹಮದ್ ಅವರ ಬಗ್ಗೆಯೂ ನಾವು 'ನಿತ್ಯೋತ್ಸವ ಬರೆದಿದ್ದಾರೆ' ಎಂದೇ ಹೇಳುತ್ತೇವೆ. ಇಂಗ್ಲಿಷ್ ಹಾಗಲ್ಲ. ಅಲ್ಲಿ ಪ್ರೆಸೆಂಟ್ ಪರ್ಫೆಕ್ಟ್ ಹೆಸರಿನಲ್ಲೇ ವರ್ತಮಾನವಿದೆ. 'ಹ್ಯಾಸ್' ಬಂದರೆ ಆ ವಿಷಯಕ್ಕೂ ಈ ಹೊತ್ತಿಗೂ ನಂಟು ಉಳಿದಿದೆ ಎಂದರ್ಥ. ಮುಗಿದುಹೋದ ಕಾಲಕ್ಕೆ ಸಿಂಪಲ್ ಪಾಸ್ಟ್ ಬೇಕು: 'ಮೈ ಫಾದರ್ ವರ್ಕ್ಡ್.'

ಇನ್ನೊಂದು ಉದಾಹರಣೆ ನೋಡಿ. 'ಐ ಹ್ಯಾವ್ ಲಾಸ್ಟ್ ಮೈ ಐಡಿ ಕಾರ್ಡ್' ಎಂದರೆ ಕಾರ್ಡ್ ಇನ್ನೂ ಸಿಕ್ಕಿಲ್ಲ. 'ಐ ಲಾಸ್ಟ್ ಇಟ್ ಯೆಸ್ಟರ್‌ಡೇ' ಎಂದರೆ ಕಳೆದದ್ದು ಯಾವಾಗ ಎಂದಷ್ಟೇ ತಿಳಿಯುತ್ತದೆ, ಆಮೇಲೆ ಸಿಕ್ಕಿರಲೂಬಹುದು. ಈ ಎರಡನ್ನೂ ಸೇರಿಸಿ 'ಐ ಹ್ಯಾವ್ ಲಾಸ್ಟ್ ಇಟ್ ಯೆಸ್ಟರ್‌ಡೇ' ಎಂದು ಬರೆಯುವುದು ನಮ್ಮಲ್ಲಿ ಹೆಚ್ಚಿನವರು ಮಾಡುವ ತಪ್ಪು. ಯೆಸ್ಟರ್‌ಡೇ, ಲಾಸ್ಟ್ ಇಯರ್, ಇನ್ 2019 ಎಂದು ಮುಗಿದ ಸಮಯವನ್ನು ಹೇಳಿದರೆ 'ಹ್ಯಾವ್' ಬೇಡ.

ಈಗಲೂ ಮುಂದುವರಿಯುತ್ತಿರುವ ಕೆಲಸಕ್ಕೆ 'ಹ್ಯಾಸ್ ಬೀನ್' ಬೇಕು. 'ಐದು ವರ್ಷಗಳಿಂದ ದುಡಿಯುತ್ತಿದ್ದಾರೆ' ಎಂಬುದನ್ನು ನಾವು ಪದಕ್ಕೆ ಪದ ಇಟ್ಟು 'ಈಸ್ ವರ್ಕಿಂಗ್ ಸಿನ್ಸ್ ಫೈವ್ ಇಯರ್ಸ್' ಎನ್ನುತ್ತೇವೆ. ಸರಿಯಾದದ್ದು 'ಹ್ಯಾಸ್ ಬೀನ್ ವರ್ಕಿಂಗ್ ಫಾರ್ ಫೈವ್ ಇಯರ್ಸ್'. ಕನ್ನಡದಲ್ಲಿ '2019ರಿಂದ', 'ಐದು ವರ್ಷಗಳಿಂದ' ಎರಡಕ್ಕೂ 'ಇಂದ' ಸಾಕು. ಇಂಗ್ಲಿಷಿನಲ್ಲಿ ಶುರುವಾದ ದಿನ ಅಥವಾ ವರ್ಷಕ್ಕೆ 'ಸಿನ್ಸ್', ಎಷ್ಟು ಕಾಲ ಎಂಬುದಕ್ಕೆ 'ಫಾರ್'.

ಹಾಗಾಗಿ ಟೆನ್ಸ್‌ಗಳ ಪಟ್ಟಿಯನ್ನು ಬಾಯಿಪಾಠ ಮಾಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ಮುಗಿದಿದೆಯೇ, ಇಂದಿಗೂ ನಂಟು ಇದೆಯೇ? ಅರ್ಧ ಗೊಂದಲ ಅಲ್ಲಿಯೇ ಕರಗುತ್ತದೆ.

ಈ ವರ್ಷ ಅದೇ ಅರ್ಜಿಯನ್ನು ಮತ್ತೆ ತುಂಬಿದೆ. ಅಬ್ಬನ ಸಾಲಿನಿಂದ 'ಹ್ಯಾಸ್' ತೆಗೆಯುವಾಗ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಕೆಳಗಿನ ಸಾಲಿನಲ್ಲಿ ಅಮ್ಮನ ಬಗ್ಗೆ ಬರೆದೆ: 'ಮೈ ಮದರ್ ಹ್ಯಾಸ್ ಬೀನ್ ರೋಲಿಂಗ್ ಬೀಡೀಸ್ ಸಿನ್ಸ್ 2021.' ಈ ಸಲ ಸಂದರ್ಶನದಲ್ಲಿ ಅಬ್ಬನ ಸಂಬಳವನ್ನು ಯಾರೂ ಕೇಳಲಿಲ್ಲ.