ಸಿಟ್ಟು ನುಂಗಬಹುದು, ಪ್ರತಿಭಟನೆ ನುಂಗೋಕಾಗಲ್ಲ

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮ್ಮಂಥವರಿಗೆ 'ಸಪ್ರೆಸ್' ಅನ್ನೋ ಒಂದು ಪದ ಇದ್ದರೆ ಸಾಕು. ಸಿಟ್ಟು ಬಂದರೂ ಅದೇ, ಊರಲ್ಲಿ ದಂಗೆ ಎದ್ದರೂ ಅದೇ, ಎಲೆಕ್ಟ್ರಾನಿಕ್ಸ್‌ನವರಿಗೆ ಸಿಗ್ನಲ್‌ನಲ್ಲಿರೋ ನಾಯ್ಸ್‌ಗೂ ಅದೇ. ಕನ್ನಡದಲ್ಲಿ ಹಾಗೆ ನಡೆಯಲ್ಲ. ಯಾವುದನ್ನು ತಡೀತಿದ್ದೀವಿ, ಯಾರದ್ದನ್ನು ತಡೀತಿದ್ದೀವಿ ಅನ್ನೋದು ಮೊದಲು ಗೊತ್ತಿರಬೇಕು.

ಒಳಗಿನದ್ದನ್ನು ತಡೆಯುವ ಪದಗಳಲ್ಲಿ ಹೆಚ್ಚಿನವು ಬಾಯಿ, ಗಂಟಲು, ಹೊಟ್ಟೆಯ ಸುತ್ತಲೇ ಇವೆ. ಸಿಟ್ಟನ್ನು ನುಂಗುತ್ತೇವೆ, ಅವಮಾನವನ್ನೂ ನುಂಗುತ್ತೇವೆ. ನೋವಿಗೆ ಹಲ್ಲು ಕಚ್ಚುತ್ತೇವೆ, ಅಳು ಬಂದರೆ ತುಟಿ ಕಚ್ಚುತ್ತೇವೆ. ಬೇರೆಯವರ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತೇವೆ. ಆದರೆ ಆಸೆಯನ್ನು ಯಾರೂ ನುಂಗಲ್ಲ, ಅದುಮುತ್ತಾರೆ. ಅದುಮಿದ್ದು ಎಲ್ಲೂ ಹೋಗಿರಲ್ಲ, ಸ್ಪ್ರಿಂಗ್ ಥರ ಅಲ್ಲೇ ಇರುತ್ತೆ. ಅದಕ್ಕೇ 'ಅದುಮಿಟ್ಟ' ಅಂತೀವಿ. ಆ 'ಇಟ್ಟ' ಸುಮ್ಮನೆ ಬಂದಿದ್ದಲ್ಲ.

ಇದಕ್ಕಿಂತ ಮಜಾ ಇರೋದು 'ಕೊಳ್ಳು' ಅನ್ನೋ ಬಾಲದಲ್ಲಿ. 'ಅವಳು ಸಿಟ್ಟನ್ನು ಅದುಮಿಕೊಂಡಳು' ಅಂದರೆ ಅದುಮಿದ್ದೂ ಅವಳೇ, ಸಿಟ್ಟೂ ಅವಳದ್ದೇ. 'ಅವರ ದನಿಯನ್ನು ಅದುಮಿದರು' ಅಂದಾಗ ಕೈ ಬೇರೆಯವರದ್ದು. ಇಷ್ಟು ಸ್ಪಷ್ಟ. ಗೊಂದಲ ಶುರುವಾಗೋದು ಇದೇ ಬಾಲ ಆಜ್ಞೆಯಾಗಿ ಬಂದಾಗ. ಹಾಸ್ಟೆಲ್‌ನಲ್ಲಿ ಎರಡು ದಿನ ನೀರಿಲ್ಲ ಅಂತ ಹೇಳೋಕೆ ಹೋದರೆ ಸಿಗೋ ಉತ್ತರ 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ'. ಮನೆಯಲ್ಲಿ ಹೆಣ್ಣುಮಕ್ಕಳಿಗೆ 'ಸಹಿಸ್ಕೋ', ಗಂಡುಮಕ್ಕಳಿಗೆ 'ಅಳು ತಡ್ಕೋ'. ಒತ್ತುತ್ತಿರೋರು ಹೊರಗಿನವರು, ವ್ಯಾಕರಣ ಮಾತ್ರ ನಮ್ಮನ್ನು ನಾವೇ ಒತ್ತಿಕೊಂಡೆವು ಅನ್ನುತ್ತೆ! ಬೇರೆ ಯಾವ ಪ್ರತ್ಯಯಕ್ಕೂ ಇಷ್ಟು ಜಾಣತನ ಇಲ್ಲ ಅಂತ ನಮಗನಿಸುತ್ತೆ.

ಹೊರಗಿನ ವಿರೋಧಕ್ಕೆ ಬಂದರೆ ಪದಗಳು ಒರಟಾಗುತ್ತವೆ: ಹತ್ತಿಕ್ಕು, ಮಟ್ಟಹಾಕು, ಬಗ್ಗುಬಡಿ, ಸದ್ದಡಗಿಸು. ಇಲ್ಲಿ ಪದ ಆರಿಸಿದವರು ಯಾವ ಕಡೆ ನಿಂತಿದ್ದಾರೆ ಅಂತಲೂ ಗೊತ್ತಾಗಿಬಿಡುತ್ತೆ. 'ಹತ್ತಿಕ್ಕಿದರು' ಅಂತ ಬರೆದವರಿಗೆ ಎದುರಿಗಿರುವುದು ಪ್ರತಿಭಟನೆ. 'ಸೊಕ್ಕಡಗಿಸಿದರು' ಅಂತ ಬರೆದವರಿಗೆ ಅದೇ ಜನರಲ್ಲಿ ಕಾಣೋದು ಬರೀ ಸೊಕ್ಕು. 'ಪರಿಸ್ಥಿತಿ ಹತೋಟಿಗೆ ಬಂತು' ಅಂದರೆ ಹತೋಟಿಗೆ ತಂದವರು ಯಾರು ಅನ್ನೋದೇ ವಾಕ್ಯದಲ್ಲಿಲ್ಲ.

ಶಮನ, ದಮನ ಅನ್ನೋ ಜೋಡಿ ನೋಡಿ. ಒಂದೇ ಅಕ್ಷರದ ವ್ಯತ್ಯಾಸ. ಶಮನ ಅಂದರೆ ತಣ್ಣಗಾಗಿಸೋದು, ದಮನ ಅಂದರೆ ಬಲದಿಂದ ಅಡಗಿಸೋದು. ಪಕ್ಷದ ಶಾಸಕರು ಮುನಿಸಿಕೊಂಡರೆ ಪತ್ರಿಕೆಗಳಲ್ಲಿ 'ಭಿನ್ನಮತ ಶಮನ' ನಡೆಯುತ್ತೆ. ಬೀದಿಯಲ್ಲಿ ನಿಂತವರಿಗೆ ಶಮನ ಸಿಕ್ಕಿದ್ದನ್ನು ನಾವಂತೂ ಹೆಚ್ಚು ಓದಿಲ್ಲ.

'ನಿಗ್ರಹ' ಮಾತ್ರ ಎರಡೂ ಕಡೆ ಓಡಾಡುತ್ತೆ. ಋಷಿಗಳದ್ದು ಇಂದ್ರಿಯ ನಿಗ್ರಹ, ಪೊಲೀಸರದ್ದು ನಕ್ಸಲ್ ನಿಗ್ರಹ ಪಡೆ. 2016ರಲ್ಲಿ ಬಂದ ಭ್ರಷ್ಟಾಚಾರ ನಿಗ್ರಹ ದಳವನ್ನು 2022ರಲ್ಲಿ ಹೈಕೋರ್ಟೇ ರದ್ದು ಮಾಡಿತು, ಅದು ಬೇರೆ ಕಥೆ.

ಸರ್ಕಾರಗಳು ತಮ್ಮ ಕಾನೂನಿಗೆ ಈ ಒರಟು ಪದಗಳನ್ನು ಇಟ್ಟುಕೊಳ್ಳೋದು ಕಡಿಮೆ. 1975ರ ತುರ್ತುಪರಿಸ್ಥಿತಿಯಲ್ಲಿ ವಿಚಾರಣೆಯಿಲ್ಲದೆ ಜನರನ್ನು ಒಳಗಿಡಲು ಬಳಸಿದ ಮೀಸಾ ಕಾಯ್ದೆಯ ಹೆಸರಿನಲ್ಲಿ ಇದ್ದದ್ದು 'ಆಂತರಿಕ ಭದ್ರತೆ'. 'ಸಂಸ್ಕಾರ' ಚಿತ್ರದಲ್ಲಿ ಚಂದ್ರಿಯಾಗಿದ್ದ ಸ್ನೇಹಲತಾ ರೆಡ್ಡಿಯವರನ್ನು 1976ರಲ್ಲಿ ಬಂಧಿಸಿ ಬೆಂಗಳೂರಿನ ಜೈಲಿನಲ್ಲಿಟ್ಟರು. ಅವರಿಗೆ ಆಸ್ತಮಾ ಇತ್ತು. ಆರೋಗ್ಯ ಪೂರ್ತಿ ಕೆಟ್ಟ ಮೇಲೆ ಪೆರೋಲ್ ಸಿಕ್ಕಿತು. ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ತೀರಿಕೊಂಡರು. ಆ ಹೊತ್ತಿನ ಬಗ್ಗೆ ಬರೆಯುವಾಗ ನಾವು 'ಭದ್ರತೆ' ಅಂತ ಬರೆಯಲ್ಲ, 'ದಮನ' ಅಂತಲೇ ಬರೀತೀವಿ.