ಬಿಲ್‌ನ ಕೆಳಗಿನ ಸಾಲು: ಜಿಎಸ್‌ಟಿ ಬಗ್ಗೆ ನಂಬಿಕೆ ಒಂದು, ಲೆಕ್ಕ ಇನ್ನೊಂದು

2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳ ಮುಂದಿದ್ದ ಕ್ಯೂಆರ್ ಸ್ಟಿಕ್ಕರ್‌ಗಳನ್ನು ಮಾಲೀಕರೇ ಕಿತ್ತುಹಾಕತೊಡಗಿದರು. ಆ ಜಾಗದಲ್ಲಿ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂಬ ಚೀಟಿ ಬಂತು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಲೆಕ್ಕ ತರಿಸಿಕೊಂಡು, ಜಿಎಸ್‌ಟಿ ನೋಂದಣಿ ಇಲ್ಲದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ಬಂದ್‌ಗೆ ಕರೆ ಹೋಯಿತು. ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳನ್ನು ಕರೆದು ಮಾತಾಡಿ, ನೋಂದಣಿ ಮಾಡಿಸಿಕೊಳ್ಳಿ, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದು ಭರವಸೆ ಕೊಟ್ಟ ಮೇಲೆ ಗದ್ದಲ ತಣ್ಣಗಾಯಿತು.

ಗದ್ದಲ ನಿಂತರೂ ಆಗ ಬಾಯಿಂದ ಬಾಯಿಗೆ ಹಬ್ಬಿದ ಮಾತುಗಳು ನಿಂತಿಲ್ಲ. ಅವುಗಳಲ್ಲಿ ಕೆಲವು ಅಂಗಡಿಯವರ ಕೈ ಸುಡುತ್ತವೆ, ಕೆಲವು ಗಿರಾಕಿಯ ಜೇಬಿಗೆ ಕತ್ತರಿ ಹಾಕುತ್ತವೆ.

‘ಯುಪಿಐ ತಗೊಂಡ್ರೆ ಟ್ಯಾಕ್ಸು, ಕ್ಯಾಶ್ ಆದ್ರೆ ಇಲ್ಲ’

ತೆರಿಗೆ ಬೀಳುವುದು ಮಾರಾಟದ ಮೇಲೆ. ದುಡ್ಡು ಫೋನಿನಲ್ಲಿ ಬಂತೋ ನೋಟಿನಲ್ಲಿ ಬಂತೋ ಎಂದು ಕಾನೂನು ಕೇಳುವುದೇ ಇಲ್ಲ. ಮೊದಲಿನಿಂದಲೂ ಇದ್ದ ವಹಿವಾಟು ಯುಪಿಐಯಿಂದಾಗಿ ಇಲಾಖೆಯ ಕಣ್ಣಿಗೆ ಬಿತ್ತು, ಅಷ್ಟೇ.

ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟಿದರೆ, ಹೋಟೆಲ್, ಸಲೂನ್, ರಿಪೇರಿಯಂಥ ಸೇವೆ ಕೊಡುವವರದು 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ಇಲ್ಲಿ ನೋಡುವುದು ಒಟ್ಟು ಮಾರಾಟವನ್ನು, ಲಾಭವನ್ನಲ್ಲ. ದಿನಕ್ಕೆ 11 ಸಾವಿರ ರೂಪಾಯಿ ವ್ಯಾಪಾರವಾಗುವ ಅಂಗಡಿ ವರ್ಷಕ್ಕೆ 40 ಲಕ್ಷ ಮುಟ್ಟಿಬಿಡುತ್ತದೆ. ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿಗೆ ಇದು ದೊಡ್ಡ ಮೊತ್ತವೇನಲ್ಲ. ‘ನಮ್ಮದು ಚಿಕ್ಕ ಅಂಗಡಿ, ನಮಗೆಲ್ಲಿಯ ಜಿಎಸ್‌ಟಿ’ ಎಂದುಕೊಂಡವರು ಸಿಕ್ಕಿಬಿದ್ದದ್ದು ಹೀಗೆ.

ಇದಕ್ಕೆ ಒಂದು ದೊಡ್ಡ ವಿನಾಯಿತಿ ಇದೆ. ಬರೀ ತರಕಾರಿ, ಹಣ್ಣು, ಹಾಲು, ಹೂವು ಮಾರುವವರ ವಹಿವಾಟು ಎಷ್ಟೇ ಇರಲಿ, ನೋಂದಣಿ ಬೇಕಿಲ್ಲ. ಆ ಸರಕಿಗೆ ಜಿಎಸ್‌ಟಿಯೇ ಇಲ್ಲ. ಆದರೂ ಅಂಥವರಿಗೂ ನೋಟಿಸ್ ಹೋಯಿತು. ಯುಪಿಐ ಲೆಕ್ಕದಲ್ಲಿ ದುಡ್ಡು ಕಾಣುತ್ತದೆ, ಮಾರಿದ್ದು ಬದನೆಕಾಯಿಯೋ ಬ್ಯಾಟರಿಯೋ ಕಾಣುವುದಿಲ್ಲ. ಅದಕ್ಕೇ ಎಪಿಎಂಸಿಯಲ್ಲಿ ಕೊಂಡ ಮಾಲಿನ ಚೀಟಿಗಳನ್ನು ಎಸೆಯಬಾರದು. ಕೈಸಾಲ, ಚೀಟಿ ಹಣ, ಭಾವಮೈದುನ ಕಳಿಸಿದ ದುಡ್ಡು ಎಲ್ಲವೂ ಅಂಗಡಿಯ ಕ್ಯೂಆರ್‌ಗೇ ಬಂದರೆ ಅವೂ ಮಾರಾಟದ ಹಾಗೆ ಕಾಣುತ್ತವೆ. ಮನೆಗೊಂದು ಖಾತೆ, ವ್ಯಾಪಾರಕ್ಕೊಂದು ಖಾತೆ ಇರಲಿ.

ತೆರಿಗೆ ಬೀಳುವ ಸರಕು ಮಾರುವವರಿಗೂ ಒಂದು ಸುಲಭ ದಾರಿ ಇದೆ. ಆಡಿಟರುಗಳು ಅದನ್ನು ‘ಕಾಂಪೊಸಿಷನ್’ ಎನ್ನುತ್ತಾರೆ, ಕಡತಗಳಲ್ಲಿ ರಾಜಿ ತೆರಿಗೆ. ಒಂದೂವರೆ ಕೋಟಿವರೆಗಿನ ವಹಿವಾಟಿಗೆ ಇದು ಸಿಗುತ್ತದೆ. ಅಂಗಡಿಯವರು ಮಾರಾಟದ ಶೇ 1ರಷ್ಟು, ಹೋಟೆಲಿನವರು ಶೇ 5ರಷ್ಟು ಕಟ್ಟಿದರೆ ಮುಗಿಯಿತು. ವರ್ಷಕ್ಕೆ 60 ಲಕ್ಷ ವಹಿವಾಟಿನ ಅಂಗಡಿಗೆ ಬೀಳುವುದು 60 ಸಾವಿರ. ಅದೇ ಅಂಗಡಿ ನಾಲ್ಕು ವರ್ಷ ನೋಂದಣಿ ಇಲ್ಲದೆ ನಡೆದು ಆಮೇಲೆ ಸಿಕ್ಕಿದರೆ, ರಾಜಿ ತೆರಿಗೆಯನ್ನು ಹಿಂದಿನ ವರ್ಷಗಳಿಗೆ ಕೇಳುವಂತಿಲ್ಲ. ಪೂರ್ತಿ ದರ, ಅದರ ಮೇಲೆ ವರ್ಷಕ್ಕೆ ಶೇ 18ರ ಬಡ್ಡಿ, ಜೊತೆಗೆ ದಂಡ. ನೋಟಿಸ್‌ಗಳಲ್ಲಿ ಲಕ್ಷಗಟ್ಟಲೆ ಮೊತ್ತ ಕಂಡದ್ದು ಇದೇ ಕಾರಣಕ್ಕೆ. ಈ ಒಂದು ಸಂಗತಿಯನ್ನು ನೋಟಿಸ್‌ಗೆ ಮೊದಲೇ ಅಂಗಡಿ ಅಂಗಡಿಗೆ ಹೋಗಿ ಸರಳ ಕನ್ನಡದಲ್ಲಿ ಹೇಳಬೇಕಿತ್ತು. ಹೇಳದೆ ಇದ್ದದ್ದು ಆಡಳಿತದ ತಪ್ಪು ಎಂದೇ ನನ್ನ ಅಭಿಪ್ರಾಯ.

‘ಕಂಪನಿಗೊಂದು, ಹೋಲ್‌ಸೇಲ್‌ನವರಿಗೊಂದು, ಅಂಗಡಿಗೊಂದು, ಮೂರು ಸಲ ತೆರಿಗೆ’

ಮೂವರೂ ತೆರಿಗೆ ಕಟ್ಟುತ್ತಾರೆ ಎಂಬುದು ನಿಜ. ಆದರೆ ಪ್ರತಿಯೊಬ್ಬರೂ ಕಟ್ಟುವುದು ತಾವು ಸೇರಿಸಿದ ಮೌಲ್ಯಕ್ಕೆ ಮಾತ್ರ. ಒಂದು ಸೀಲಿಂಗ್ ಫ್ಯಾನ್ ತೆಗೆದುಕೊಳ್ಳಿ. ದರ ಶೇ 18. ಫ್ಯಾಕ್ಟರಿ 1,000 ರೂಪಾಯಿಗೆ ಮಾರಿ 180 ತೆರಿಗೆ ಕಟ್ಟುತ್ತದೆ. ಹೋಲ್‌ಸೇಲ್‌ನವರು 1,200ಕ್ಕೆ ಮಾರಿ 216 ವಸೂಲು ಮಾಡುತ್ತಾರೆ. ಕೊಳ್ಳುವಾಗ ಕೊಟ್ಟ 180 ಕಳೆದು 36 ಮಾತ್ರ ಕಟ್ಟುತ್ತಾರೆ. ಅಂಗಡಿಯವರು 1,500ಕ್ಕೆ ಮಾರಿ 270 ಪಡೆದು, 216 ಕಳೆದು 54 ಕಟ್ಟುತ್ತಾರೆ. 180, 36, 54 ಕೂಡಿದರೆ 270. ಅಷ್ಟೂ ಬಂದದ್ದು ಕೊನೆಯಲ್ಲಿ ಫ್ಯಾನ್ ಕೊಂಡು ಮನೆಗೆ ಒಯ್ದವರಿಂದ. ಹೀಗೆ ಕಳೆದುಕೊಳ್ಳುವ ಹಕ್ಕಿಗೆ ‘ಇನ್‌ಪುಟ್ ಕ್ರೆಡಿಟ್’ ಎನ್ನುತ್ತಾರೆ.

ಹಾಗಾದರೆ ವ್ಯಾಪಾರಿಗೆ ತೆರಿಗೆಯ ಭಾರವೇ ಇಲ್ಲವೇ? ಇದೆ, ಅದು ಬೇರೆ ಬಗೆಯದು. ಪೀಣ್ಯದ ಒಂದು ಸಣ್ಣ ವರ್ಕ್‌ಶಾಪ್ ದೊಡ್ಡ ಕಂಪನಿಗೆ ಬಿಡಿಭಾಗ ಮಾಡಿ ಕಳಿಸಿತು ಅಂದುಕೊಳ್ಳಿ. ಬಿಲ್ ಹಾಕಿದ ತಿಂಗಳ ತೆರಿಗೆಯನ್ನು ಮುಂದಿನ ತಿಂಗಳೇ ಕಟ್ಟಬೇಕು. ಕಂಪನಿಯಿಂದ ದುಡ್ಡು ಬರುವುದು ಮೂರು ತಿಂಗಳ ಮೇಲೆ. ಬಾರದ ದುಡ್ಡಿಗೆ ಸಾಲ ಮಾಡಿ ತೆರಿಗೆ ಕಟ್ಟುವ ಪಾಡು ಅಲ್ಲಿನದು. ಇತ್ತ ಮಾಲು ಕೊಟ್ಟವನು ತನ್ನ ರಿಟರ್ನ್‌ನಲ್ಲಿ ಬಿಲ್ ತೋರಿಸದಿದ್ದರೆ, ಕೊಂಡವನು ತೆರಿಗೆ ಸಮೇತ ಪೂರ್ತಿ ಹಣ ಕೊಟ್ಟಿದ್ದರೂ ಅವನಿಗೆ ಕ್ರೆಡಿಟ್ ಸಿಗುವುದಿಲ್ಲ. ಒಬ್ಬರ ಸೋಮಾರಿತನಕ್ಕೆ ಇನ್ನೊಬ್ಬರ ಬಂಡವಾಳ ಸಿಕ್ಕಿಕೊಳ್ಳುತ್ತದೆ. ಸಣ್ಣ ಉದ್ದಿಮೆದಾರರನ್ನು ಕೇಳಿದರೆ ತೆರಿಗೆಯ ದರಕ್ಕಿಂತ ಹೆಚ್ಚಾಗಿ ದೂರುವುದು ಇದನ್ನೇ.

‘ಜಿಎಸ್‌ಟಿ ಬರುವ ಮೊದಲು ಇಷ್ಟು ತೆರಿಗೆ ಇರಲಿಲ್ಲ’

ಇತ್ತು, ಬಿಲ್‌ನಲ್ಲಿ ಕಾಣುತ್ತಿರಲಿಲ್ಲ. 2017ರ ಜುಲೈ 1ಕ್ಕೆ ಮೊದಲು ಫ್ಯಾಕ್ಟರಿ ಬಾಗಿಲಲ್ಲೇ ಶೇ 12.5ರ ಅಬಕಾರಿ ಸುಂಕ ಬೆಲೆಯೊಳಗೆ ಸೇರಿಹೋಗುತ್ತಿತ್ತು. ಆ ಸುಂಕವೂ ಸೇರಿದ ಬೆಲೆಯ ಮೇಲೆ ಕರ್ನಾಟಕದ ವ್ಯಾಟ್ ಬಹುತೇಕ ವಸ್ತುಗಳಿಗೆ ಶೇ 14.5. ಎರಡೂ ಸೇರಿದರೆ ಶೇ 28ರ ಮೇಲೆಯೇ. ಗಿರಾಕಿಯ ಕಣ್ಣಿಗೆ ಬೀಳುತ್ತಿದ್ದದ್ದು ವ್ಯಾಟ್ ಒಂದೇ.

‘ತೆರಿಗೆ ಇಳಿಸಿದ್ರಲ್ಲ, ಬೆಲೆ ಯಾಕೆ ಇಳಿದಿಲ್ಲ?’

2025ರ ಸೆಪ್ಟೆಂಬರ್ 22ರಿಂದ ಶೇ 12 ಮತ್ತು ಶೇ 28ರ ಹಂತಗಳು ಬಹುಪಾಲು ಹೋಗಿ, ಹೆಚ್ಚಿನ ವಸ್ತುಗಳು ಶೇ 5 ಇಲ್ಲವೇ ಶೇ 18ಕ್ಕೆ ಬಂದವು. ಐಷಾರಾಮಿ ವಸ್ತುಗಳಿಗೆ ಶೇ 40. ಸೋಪು, ಶಾಂಪೂ, ತಲೆಗೆ ಹಚ್ಚುವ ಎಣ್ಣೆ, ಟೂತ್‌ಪೇಸ್ಟ್ ಶೇ 18ರಿಂದ ಶೇ 5ಕ್ಕೆ ಇಳಿದವು. ಸಿಮೆಂಟ್ ಶೇ 28ರಿಂದ ಶೇ 18ಕ್ಕೆ.

ಇದರಲ್ಲಿ ತುಪ್ಪದ ಕಥೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನಂದಿನಿ ತುಪ್ಪ ಲೀಟರಿಗೆ 650 ರೂಪಾಯಿ ಇತ್ತು. ತೆರಿಗೆ ಶೇ 12ರಿಂದ ಶೇ 5ಕ್ಕೆ ಇಳಿದ ದಿನ ಬೆಲೆ 610 ಆಯಿತು. ಏಳು ಪರ್ಸೆಂಟ್ ಇಳಿಯಲಿಲ್ಲವಲ್ಲ ಎಂದು ಹಲವರು ಕೇಳಿದರು. 650ರಲ್ಲಿ ತೆರಿಗೆ ಒಳಗೇ ಇತ್ತು: ತುಪ್ಪದ ಬೆಲೆ ಸುಮಾರು 580, ತೆರಿಗೆ 70. ಆ 580ಕ್ಕೆ ಶೇ 5 ಸೇರಿಸಿದರೆ 609 ಚಿಲ್ಲರೆ. ಹಾಗಾಗಿ 610 ಸರಿಯಾದ ಲೆಕ್ಕವೇ. ಇಳಿಕೆಯ ಪೂರ್ತಿ ಲಾಭ ಗಿರಾಕಿಗೆ ಸಿಕ್ಕಿತು. ನವೆಂಬರ್‌ನಲ್ಲಿ ಕೆಎಂಎಫ್ ಅದೇ ತುಪ್ಪವನ್ನು 700 ಮಾಡಿತು. ಈ 700ರಲ್ಲಿ ತೆರಿಗೆ 33 ರೂಪಾಯಿ ಮಾತ್ರ, ಉಳಿದ 667 ತುಪ್ಪದ್ದು. ಅಂದರೆ ಎರಡೇ ತಿಂಗಳಲ್ಲಿ ತೆರಿಗೆ ಅರ್ಧಕ್ಕಿಂತ ಕೆಳಗಿಳಿಯಿತು, ಬೆಲೆ ಮೊದಲಿಗಿಂತ ಮೇಲೇರಿತು. ಸರ್ಕಾರದ ಕೈಯಲ್ಲಿರುವುದು ತೆರಿಗೆ. ಬೆಲೆ ನಿಲ್ಲುವುದು ಬೇಡಿಕೆ, ಹಾಲಿನ ದರ, ಸಾಗಣೆ ಹೀಗೆ ಹತ್ತು ಸಂಗತಿಗಳ ಮೇಲೆ.

ತೆರಿಗೆ ಇಳಿದರೂ ಬೆಲೆ ಇಳಿಸದೆ ಲಾಭ ಹೊಡೆಯುವುದನ್ನು ತಡೆಯಲು ಜಿಎಸ್‌ಟಿ ಕಾನೂನಿನಲ್ಲಿ ಒಂದು ವ್ಯವಸ್ಥೆ ಇತ್ತು. 2025ರ ಏಪ್ರಿಲ್ 1ರಿಂದ ಅದರಡಿ ಹೊಸ ದೂರು ಸ್ವೀಕರಿಸುವುದನ್ನು ನಿಲ್ಲಿಸಲಾಯಿತು. ಆರು ತಿಂಗಳಾಗುವ ಮೊದಲೇ ಇಷ್ಟು ದೊಡ್ಡ ದರ ಇಳಿಕೆ ಬಂತು. ಆ ವ್ಯವಸ್ಥೆಯನ್ನು ಇನ್ನಷ್ಟು ಕಾಲ ಉಳಿಸಿಕೊಳ್ಳಬೇಕಿತ್ತು.

‘ಜಿಎಸ್‌ಟಿ ಇಲ್ಲದ ವಸ್ತುವಿಗೆ ತೆರಿಗೆಯೇ ಇಲ್ಲ’

ಕೋಲಾರದ ಟೊಮೆಟೊಗೆ ಜಿಎಸ್‌ಟಿ ಇಲ್ಲ. ಅದನ್ನು ಬೆಂಗಳೂರಿಗೆ ತರುವ ಗೂಡ್ಸ್ ಗಾಡಿಯ ಟೈರಿಗೆ ಇದೆ, ಬಿಡಿಭಾಗಕ್ಕೆ ಇದೆ, ಹೊಲಕ್ಕೆ ಹೊಡೆದ ಕೀಟನಾಶಕಕ್ಕೆ ಇದೆ. ಡೀಸೆಲ್‌ಗೆ ಜಿಎಸ್‌ಟಿ ಇಲ್ಲ, ಆದರೆ ಕೇಂದ್ರದ ಅಬಕಾರಿ ಸುಂಕ ಮತ್ತು ರಾಜ್ಯದ ಮಾರಾಟ ತೆರಿಗೆ ಎರಡೂ ಇವೆ. ಪೆಟ್ರೋಲ್ ಮೇಲಿನ ರಾಜ್ಯದ ತೆರಿಗೆಯನ್ನು 2024ರ ಜೂನ್‌ನಲ್ಲಿ ಕರ್ನಾಟಕ ಶೇ 25.92ರಿಂದ ಶೇ 29.84ಕ್ಕೆ ಏರಿಸಿತು, ಡೀಸೆಲ್ ತೆರಿಗೆಯೂ ಏರಿತು. ಈ ತೆರಿಗೆಗಳಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲ. ಹಾಗಾಗಿ ಅವು ದಾರಿಯಲ್ಲಿ ಎಲ್ಲೂ ಕಳೆಯದೆ ನೇರವಾಗಿ ಟೊಮೆಟೊ ಬೆಲೆಯೊಳಗೆ ಬಂದು ಕೂರುತ್ತವೆ. ಪೆಟ್ರೋಲ್, ಡೀಸೆಲ್, ಮದ್ಯ, ವಿದ್ಯುತ್ ಜಿಎಸ್‌ಟಿಯಿಂದ ಹೊರಗೇ ಉಳಿದಿವೆ. ಕೇಂದ್ರಕ್ಕೂ ರಾಜ್ಯಗಳಿಗೂ ಇಂಧನದ ತೆರಿಗೆಯನ್ನು ಕೈಬಿಡುವ ಮನಸ್ಸಿಲ್ಲ.

ಅಕ್ಕಿ, ಗೋಧಿ ಹಿಟ್ಟು, ಮೊಸರಿನ ನಿಯಮವನ್ನೂ ತಿಳಿದಿರಬೇಕು. 2022ರ ಜುಲೈ 18ರಿಂದ ಇವುಗಳ ಲೇಬಲ್ ಹಚ್ಚಿದ ಪ್ಯಾಕೆಟ್ಟಿಗೆ ಶೇ 5 ತೆರಿಗೆ ಬಿತ್ತು. ಬಿಡಿಯಾಗಿ ತೂಗಿಸಿಕೊಂಡರೆ ಇಲ್ಲ.

‘ಬಡವರು ತೆರಿಗೆ ಕಟ್ಟುವುದಿಲ್ಲ’

ನನಗೆ ಅತ್ಯಂತ ಬೇಸರ ತರುವ ಮಾತು ಇದು. ಉಚಿತ ಬಸ್ಸು, ಪಡಿತರದ ಚರ್ಚೆ ಬಂದಾಗಲೆಲ್ಲ ‘ನಮ್ಮ ತೆರಿಗೆ ದುಡ್ಡು’ ಎಂದು ಕೆಲವರು ಹೇಳುವುದುಂಟು. 140 ಕೋಟಿ ಜನರ ದೇಶದಲ್ಲಿ ಆದಾಯ ತೆರಿಗೆ ರಿಟರ್ನ್ ಸಲ್ಲಿಸುವವರು ಸುಮಾರು 9 ಕೋಟಿ. ಅವರಲ್ಲೂ ತೆರಿಗೆ ಕಟ್ಟಬೇಕಾಗಿ ಬಾರದವರೇ ಬಹಳ ಮಂದಿ. ಆದರೆ 2024-25ರಲ್ಲಿ ದೇಶದ ಒಟ್ಟು ಜಿಎಸ್‌ಟಿ ಸಂಗ್ರಹ 22.08 ಲಕ್ಷ ಕೋಟಿ ರೂಪಾಯಿ. ಸೋಪು, ಚಪ್ಪಲಿ, ಮೊಬೈಲ್ ರೀಚಾರ್ಜ್, ಮಗುವಿನ ಬಟ್ಟೆ ಕೊಂಡ ಪ್ರತಿಯೊಬ್ಬರ ದುಡ್ಡೂ ಅದರಲ್ಲಿದೆ.

ತಿಂಗಳಿಗೆ 12 ಸಾವಿರ ದುಡಿಯುವ ಮನೆಗೆಲಸದ ಹೆಣ್ಣುಮಗಳು ರೀಚಾರ್ಜ್‌ಗೆ ಕೊಡುವುದು ಶೇ 18. ಅವಳು ಕೆಲಸ ಮಾಡುವ ಮನೆಯ ಯಜಮಾನರು ಕೊಡುವುದೂ ಶೇ 18. ಅವಳ ಸಂಬಳ ತಿಂಗಳ ಕೊನೆಗೆ ಪೂರ್ತಿ ಖರ್ಚಾಗಿರುತ್ತದೆ. ಅವರದ್ದರಲ್ಲಿ ಒಂದು ಪಾಲು ಉಳಿತಾಯಕ್ಕೆ ಹೋಗಿರುತ್ತದೆ, ಉಳಿಸಿದ್ದಕ್ಕೆ ಜಿಎಸ್‌ಟಿ ಇಲ್ಲ. ಪರೋಕ್ಷ ತೆರಿಗೆಗೆ ಕೊಳ್ಳುವವರ ಆದಾಯ ಗೊತ್ತಾಗುವುದಿಲ್ಲ. ದಿನಬಳಕೆಯ ವಸ್ತುಗಳ ದರ ಕಡಿಮೆ ಇರಬೇಕು ಎಂದು ಒತ್ತಾಯಿಸುವುದು ಈ ಕಾರಣಕ್ಕೆ, ಮತ್ತು ಆ ಒತ್ತಾಯ ನ್ಯಾಯವಾದದ್ದು.

‘ಜಿಎಸ್‌ಟಿಯೆಲ್ಲ ದೆಹಲಿಗೆ ಹೋಗುತ್ತದೆ’ ಎಂಬುದೂ ಅರ್ಧ ಸತ್ಯ. ಊರಿನ ಅಂಗಡಿಯ ಬಿಲ್‌ನಲ್ಲಿ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂದು ಎರಡು ಸಮಪಾಲು ಇರುತ್ತವೆ. ಎರಡನೆಯದು ಕರ್ನಾಟಕದ ಖಜಾನೆಗೇ ಸೇರುತ್ತದೆ. ಬೇರೆ ರಾಜ್ಯದಿಂದ ತರಿಸಿಕೊಂಡರೂ ರಾಜ್ಯದ ಪಾಲು ಕೊಂಡವರ ರಾಜ್ಯಕ್ಕೇ ಬರುತ್ತದೆ.

‘ಬಿಲ್‌ನಲ್ಲಿ ಹಾಕಿದ್ದಾರೆ ಅಂದ್ರೆ ಕೊಡಲೇಬೇಕು’

ಕೊಡಬೇಕಿಲ್ಲ, ಮೊದಲು ನೋಡಬೇಕು. ಪ್ಯಾಕೆಟ್ ಮೇಲೆ ಅಚ್ಚಾದ ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ. ಅಂಗಡಿಯವರು ಅದರ ಮೇಲೆ ಮತ್ತೆ ಜಿಎಸ್‌ಟಿ ಕೇಳುವಂತಿಲ್ಲ. ಸಾಮಾನ್ಯ ಹೋಟೆಲ್ ಊಟಕ್ಕೆ ಜಿಎಸ್‌ಟಿ ಶೇ 5. ‘ಸರ್ವಿಸ್ ಚಾರ್ಜ್’ ಎಂದು ಬೇರೆ ಸಾಲಿದ್ದರೆ ಅದು ತೆರಿಗೆಯಲ್ಲ, ಸರ್ಕಾರಕ್ಕೆ ಹೋಗುವುದೂ ಇಲ್ಲ. ಅದನ್ನು ಬಿಲ್‌ಗೆ ತಾವಾಗಿಯೇ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಹೇಳಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ತೆಗೆಯಿರಿ ಎಂದು ಕೇಳಲು ಸಂಕೋಚ ಬೇಡ.

ರಾಜಿ ತೆರಿಗೆಯಲ್ಲಿರುವ ಅಂಗಡಿ, ಹೋಟೆಲಿನವರು ಗಿರಾಕಿಯಿಂದ ಜಿಎಸ್‌ಟಿ ವಸೂಲು ಮಾಡುವಂತಿಲ್ಲ. ಶೇ 1 ಇರಲಿ, ಶೇ 5 ಇರಲಿ, ಅವರ ಜೇಬಿನಿಂದಲೇ ಹೋಗಬೇಕು. ನೋಂದಣಿಯೇ ಇಲ್ಲದವರು ಕೇಳಿದರೆ ಅದು ನೇರ ಮೋಸ.

ಆದ್ದರಿಂದ ಜಿಎಸ್‌ಟಿ ಹಾಕಿದ ಬಿಲ್ ಕೈಗೆ ಬಂದಾಗ ಅದರಲ್ಲಿ 15 ಅಕ್ಷರ, ಅಂಕಿಗಳ ಜಿಎಸ್‌ಟಿ ನಂಬರ್ ಇದೆಯೇ ನೋಡಿ. ಕರ್ನಾಟಕದ್ದಾದರೆ ಅದು 29ರಿಂದ ಶುರುವಾಗುತ್ತದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಆ ನಂಬರ್ ಹಾಕಿದರೆ ಅಂಗಡಿಯ ಹೆಸರು, ಅದು ರೆಗ್ಯುಲರ್ರೋ ಕಾಂಪೊಸಿಷನ್ನೋ ಎಂಬುದು ಲಾಗಿನ್ ಇಲ್ಲದೆಯೇ ಸಿಗುತ್ತದೆ. ‘ಬಿಲ್ ಬೇಡ ಅಂದ್ರೆ ಕಡಿಮೆ ಮಾಡ್ತೀನಿ’ ಎಂಬ ಮಾತಿಗೆ ಒಪ್ಪಬೇಡಿ. ನಾಳೆ ಮಿಕ್ಸಿ ಕೆಟ್ಟರೆ ವಾರಂಟಿ ಕೇಳಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಲೆಕ್ಕ ತಪ್ಪಾಗಿ ಕಂಡರೆ ಮೊದಲು ಅಂಗಡಿಯವರನ್ನೇ ಕೇಳಿ. ಅಲ್ಲಿ ಬಗೆಹರಿಯದಿದ್ದರೆ ಬಿಲ್ ಎದುರಿಗಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.