'ಗಗನಚುಂಬಿ': ಅರ್ಥ ಮತ್ತು ಪ್ರಯೋಗ

ಇಂಗ್ಲಿಷಿನ 'ಸ್ಕೈಸ್ಕ್ರೇಪರ್' ಪದಕ್ಕೆ ಸಂವಾದಿಯಾಗಿ ಕನ್ನಡದಲ್ಲಿ 'ಗಗನಚುಂಬಿ' ರೂಢವಾಗಿದೆ. ಆದರೆ ಇದು ಅಕ್ಷರಶಃ ಅನುವಾದವಲ್ಲ. ಅಲ್ಲಿರುವುದು ಕೆರೆಯುವ ಕ್ರಿಯೆ. ಇಲ್ಲಿರುವುದು ಮುತ್ತಿಡುವ ಕ್ರಿಯೆ. ಕೆರೆಯುವ ಅರ್ಥವೇ ಬೇಕಿದ್ದರೆ ಸಂಸ್ಕೃತದಲ್ಲಿ 'ಅಭ್ರಂಕಷ' ಸಿದ್ಧವಾಗಿಯೇ ಇತ್ತು. 'ಅಭ್ರ'ವೆಂದರೆ ಮೋಡ, 'ಕಷ್' ಧಾತುವಿಗೆ ಉಜ್ಜು, ತೀಡು ಎಂಬರ್ಥ. ಪಾಣಿನಿಯ ಸೂತ್ರಗಳು ಇದನ್ನೂ, ಮೋಡವನ್ನು ನೆಕ್ಕುವುದೆಂಬರ್ಥದ 'ಅಭ್ರಂಲಿಹ'ವನ್ನೂ ಸಾಧಿಸಿಕೊಡುತ್ತವೆ. ಎರಡನೆಯದನ್ನು ಕಾಳಿದಾಸನು 'ಮೇಘದೂತ'ದಲ್ಲಿ ಅಲಕೆಯ ಸೌಧಾಗ್ರಗಳಿಗೆ ಬಳಸಿದ್ದಾನೆ. ಮೋಡವನ್ನೇ ಸಂಬೋಧಿಸಿದ ಮಾತಾದುದರಿಂದ ಅಲ್ಲಿ ಅದರ ಸ್ವಾರಸ್ಯವೇ ಬೇರೆ. ಷಿಕಾಗೋದಲ್ಲಿ ಹತ್ತು ಅಂತಸ್ತಿನ ಹೋಂ ಇನ್ಶೂರೆನ್ಸ್ ಕಟ್ಟಡ ಎದ್ದುದು 1885ರಲ್ಲಿ. ಕಲ್ಪನೆ ಅದಕ್ಕಿಂತ ಬಹಳ ಹಳೆಯದು.

'ಚುಂಬಿನ್' ಎಂಬ ನಕಾರಾಂತ ಪ್ರಕೃತಿ ಕನ್ನಡದಲ್ಲಿ 'ಚುಂಬಿ' ಎಂದಾಗುತ್ತದೆ. ವಿಶೇಷಣವಾದಾಗ ಶಿಖರ, ಗೋಪುರ, ವೃಕ್ಷ ಯಾವುದಕ್ಕೂ ಇದು ಸಲ್ಲುತ್ತದೆ. 'ಗಗನಚುಂಬಿಗಳು' ಎಂದು ನಾಮಪದವಾದೊಡನೆ ಅರ್ಥ ಸಂಕೋಚಗೊಂಡು ಕಟ್ಟಡವೊಂದರಲ್ಲೇ ನಿಲ್ಲುತ್ತದೆ. ಆದರೂ ಅತಿಶಯೋಕ್ತಿಯ ಗುಣ ಅದನ್ನು ಬಿಟ್ಟಿಲ್ಲ. ಹನ್ನೆರಡು ಮಹಡಿಯ ವಸತಿ ಸಮುಚ್ಚಯವೂ 828 ಮೀಟರ್ ಎತ್ತರದ ಬುರ್ಜ್ ಖಲೀಫಾವೂ ಇದೇ ಹೆಸರಿಗೆ ಪಾತ್ರವಾಗುತ್ತವೆ.

ಕಾವ್ಯದಲ್ಲಿಯೂ ಪತ್ರಿಕೆಯಲ್ಲಿಯೂ ಇದರಿಂದ ಬಾಧಕವಿಲ್ಲ, ಶಾಸನಭಾಷೆಯಲ್ಲಿದೆ. ರಾಷ್ಟ್ರೀಯ ಕಟ್ಟಡ ಸಂಹಿತೆಯ 2016ರ ಆವೃತ್ತಿಯಂತೆ 15 ಮೀಟರ್ ಅಥವಾ ಅದಕ್ಕೂ ಮಿಗಿಲಾದುದೆಲ್ಲ 'ಹೈ-ರೈಸ್'. ಅಗ್ನಿಸುರಕ್ಷತೆಯ ಕಟ್ಟಳೆಗಳು ಈ ಅಳತೆಯನ್ನು ಅವಲಂಬಿಸಿವೆ. ತೆಂಗಿನಮರದಷ್ಟು ಎತ್ತರದ ಕಟ್ಟಡವನ್ನು 'ಗಗನಚುಂಬಿ'ಯೆಂದು ಅನುವಾದಿಸಿದರೆ, ನಿಯಮ ತನಗೆ ಅನ್ವಯಿಸದೆಂದು ಅದರ ಮಾಲೀಕ ಭಾವಿಸುವುದು ಸಹಜ. 'ಬಹುಮಹಡಿ'ಯೂ ಸಾಲದು, ಅದು ಮಹಡಿಗಳನ್ನು ಎಣಿಸುತ್ತದೆ, ಎತ್ತರವನ್ನು ಅಳೆಯುವುದಿಲ್ಲ. ಇಂಥಲ್ಲಿ 'ಎತ್ತರದ ಕಟ್ಟಡ' ಎಂಬ ಸರಳ ಪ್ರಯೋಗವೇ ಯುಕ್ತ.